42 ಸೆಕೆಂಡಿನ ಚೆಂಡೆ: ಒಂದು ಲೈಸೆನ್ಸಿನ ಪ್ರಕರಣ

ಕಳೆದ ವರ್ಷ ಪತ್ತನಾಜೆ (ಮೇ ಕೊನೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಹತ್ತು ಹದಿನೈದು ದಿನ ಆಗಿತ್ತು. ಮಳೆ ಹಿಡಿದಿತ್ತು. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಎರಡು ಗಂಟೆ. ಫೋನಿನಲ್ಲಿ ಚಾರ್ಜ್ ಕೊನೆಯ ಗೆರೆಗೆ ಬಂದಿತ್ತು. ಆಗ ಬಂತು ಆ ಮೇಲ್.

ಮುಂಬೈಯ ಒಂದು ಸಾಕ್ಷ್ಯಚಿತ್ರ ತಂಡದ್ದು. ಕರಾವಳಿಯ ಮೀನುಗಾರರ ಬಗ್ಗೆ ಕಿರುಚಿತ್ರ ಮಾಡುತ್ತಿದ್ದಾರೆ. ನನ್ನ ಒಂದು ಟ್ರ್ಯಾಕಿನ 42 ಸೆಕೆಂಡ್ ಬೇಕಂತೆ. 5 ವರ್ಷಕ್ಕೆ, ವೆಬ್ಬಿಗೆ ಮತ್ತು ಚಿತ್ರೋತ್ಸವಗಳಿಗೆ. 30,000 ರೂಪಾಯಿ. ಓದಿ ಕುಣಿಯುವುದೊಂದೇ ಬಾಕಿ. ಆದರೆ ಕೆಳಗೆ ಮೂರು ಪ್ರಶ್ನೆಗಳಿದ್ದವು. ಟ್ಯೂನ್ ಯಾರದು? ರೆಕಾರ್ಡಿಂಗ್ ಯಾರದು? ಇದರಲ್ಲಿ ಯಾರ್ಯಾರು ನುಡಿಸಿದ್ದಾರೆ, ಅವರ ಸಹಿ ಇರುವ ಒಪ್ಪಿಗೆಪತ್ರ ಇದೆಯಾ? ನಾಡಿದ್ದು ಸಂಜೆಯೊಳಗೆ ಉತ್ತರ ಬೇಕು.

ಮೊದಲ ಎರಡಕ್ಕೆ ಉತ್ತರ ನಾನೇ. ಮೂರನೆಯದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಚೆಂಡೆ ಬಾರಿಸಿದ್ದು ನಮ್ಮ ಮಾವ. ಅಮ್ಮನ ದೊಡ್ಡಮ್ಮನ ಮಗ. ಯಕ್ಷಗಾನ ಮೇಳದಲ್ಲಿ ಹಿಮ್ಮೇಳದ ಕಲಾವಿದರು. ಹಿಂದಿನ ಮಳೆಗಾಲದಲ್ಲಿ ಒಂದು ದಿನ ಬಂದು ಎರಡು ಗಂಟೆ ಬಾರಿಸಿ, ಊಟ ಮಾಡಿ, ಕವರಿನಲ್ಲಿ ಇಟ್ಟುಕೊಟ್ಟ 2,000 ರೂಪಾಯಿಯನ್ನು ಎಣಿಸದೆ ಜೇಬಿಗೆ ಹಾಕಿಕೊಂಡು ಹೋಗಿದ್ದರು. ನಮ್ಮಲ್ಲಿ ಸಂಗೀತದ ವ್ಯವಹಾರ ನಡೆಯುವುದೇ ಹಾಗೆ. ಮಾವನ ಹತ್ತಿರ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಅಂದರೆ ಮುಖ ಕೊಟ್ಟು ಮಾತಾಡಲು ಆಗದ ಕೆಲಸ.

ಈ ಒಂದು ಮೇಲಿನಿಂದ ಹಣ ಬ್ಯಾಂಕಿಗೆ ಬರುವವರೆಗೆ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ಸಂಗೀತ ಲೈಸೆನ್ಸಿಂಗಿಗೆ ಇಳಿಯಬೇಕು ಅಂತ ನನ್ನ ಹಾಗೆ ಹಳ್ಳಿಯಲ್ಲಿ ಕೂತವರು ಕೇಳುತ್ತಲೇ ಇರುತ್ತಾರೆ. ಅವರಿಗೆ ಯಾವ ಮೈಕ್ ತಗೊಳ್ಳಬೇಕು ಅನ್ನುವುದಕ್ಕಿಂತ ಇದು ಜಾಸ್ತಿ ಉಪಯೋಗಕ್ಕೆ ಬಂದೀತು.

ಅಲ್ಲಿಯವರೆಗಿನ ದಾರಿ

ನಾನು ಗಾನಮೇಳಗಳಿಗೆ ಕೀಬೋರ್ಡ್ ನುಡಿಸುತ್ತಿದ್ದವನು. ಭಜನೆ, ಭಕ್ತಿಗೀತೆಗಳ ಆಲ್ಬಮ್ಮುಗಳಿಗೆ ಸಂಗೀತ ಮಾಡಿಕೊಡುತ್ತಿದ್ದೆ. ಒಂದು ಹಾಡಿಗೆ ಇಷ್ಟು ಅಂತ ಲೆಕ್ಕ. ಕೊಟ್ಟರು, ತಗೊಂಡೆ, ಮುಗಿಯಿತು. ರೆಕಾರ್ಡಿಂಗಿಗೆ ಹೋಗುತ್ತಿದ್ದುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಕೇರಳ-ಕರ್ನಾಟಕ ಗಡಿ ಮುಚ್ಚಿತು. ತಲಪಾಡಿ ಬಂದ್. ಒಳರಸ್ತೆಗಳಿಗೂ ಕೆಲವು ಕಡೆ ಮಣ್ಣೇ ಸುರಿದರು. ಆಸ್ಪತ್ರೆಗೆ ಹೋಗುವವರಿಗೇ ದಾರಿ ಇಲ್ಲದಾಗ ನನ್ನ ರೆಕಾರ್ಡಿಂಗನ್ನು ಕೇಳುವವರು ಯಾರು? ಉತ್ಸವ ಇಲ್ಲ, ಮದುವೆ ಇಲ್ಲ, ಯಕ್ಷಗಾನದ ಆಟ ಇಲ್ಲ. ಅಡಿಕೆ ಒಣಗಿಸಿ ತುಂಬಿಡುವ ಮಾಳಿಗೆಯ ಒಂದು ಮೂಲೆ ಖಾಲಿ ಮಾಡಿ, ಗೋಡೆಗೆ ಗೋಣಿಚೀಲ ಹೊಡೆದು, ಹಳೆಯ ಹತ್ತಿಯ ಹಾಸಿಗೆಗಳನ್ನು ಒರಗಿಸಿ ಒಂದು ಕೋಣೆ ಮಾಡಿಕೊಂಡೆ. ಈಗಲೂ ಅದೇ ಸ್ಟುಡಿಯೋ. ಮಳೆ ಜೋರಾದರೆ ರೆಕಾರ್ಡಿಂಗ್ ಇಲ್ಲ. ಹಂಚಿನ ಮಾಡಲ್ವಾ.

ಲೈಸೆನ್ಸಿಂಗ್ ಅಂದರೇನು ಅಂತ ನನಗೆ ಅರ್ಥವಾದದ್ದು ಅಜ್ಜನ ಹಳೆಯ ದಾಖಲೆಗಳ ಪೆಟ್ಟಿಗೆಯಿಂದ. ಅದರಲ್ಲಿ ಮೂಲಗೇಣಿ, ಚಾಲಗೇಣಿ ಅನ್ನುವ ಶಬ್ದಗಳಿದ್ದವು. ಮೂಲಗೇಣಿ ಅಂದರೆ ಕಾಯಮ್ಮಾಗಿ ಕೊಟ್ಟದ್ದು. ಚಾಲಗೇಣಿ ಅಂದರೆ ವರ್ಷ ವರ್ಷದ ಲೆಕ್ಕ. ಎರಡರಲ್ಲೂ ಭೂಮಿ ಮಾರಾಟ ಆಗಿರಲಿಲ್ಲ. ನಾನು ಭಕ್ತಿಗೀತೆಗಳಲ್ಲಿ ಮಾಡುತ್ತಿದ್ದುದು ಮಾರಾಟ. ಈಗ ಕಲಿಯಬೇಕಾಗಿದ್ದುದು ಗೇಣಿ: ಯಾರಿಗೆ, ಎಷ್ಟು ವರ್ಷಕ್ಕೆ, ಯಾವ ಊರಿಗೆ, ಯಾವ ಉಪಯೋಗಕ್ಕೆ. ಒಬ್ಬರಿಗೇ ಕೊಟ್ಟರೆ ಎಕ್ಸ್‌ಕ್ಲೂಸಿವ್. ಹಲವರಿಗೆ ಕೊಡಬಹುದು ಅಂತಾದರೆ ನಾನ್ ಎಕ್ಸ್‌ಕ್ಲೂಸಿವ್.

ಇನ್ನೊಂದು ವಿಷಯ, ಒಂದು ಟ್ರ್ಯಾಕಿನಲ್ಲಿ ಎರಡು ಆಸ್ತಿ ಇರುತ್ತದೆ. ಟ್ಯೂನ್ ಒಂದು, ಅದರ ರೆಕಾರ್ಡಿಂಗ್ ಇನ್ನೊಂದು. ರೆಕಾರ್ಡಿಂಗಿಗೆ ಮಾಸ್ಟರ್ ಅನ್ನುತ್ತಾರೆ. ಸಿನಿಮಾದವರು ದೃಶ್ಯಕ್ಕೆ ನಿಮ್ಮ ಸಂಗೀತ ಕೂಡಿಸಬೇಕಾದರೆ ಎರಡಕ್ಕೂ ಅನುಮತಿ ಬೇಕು. ದೊಡ್ಡ ಹಾಡುಗಳಲ್ಲಿ ಈ ಎರಡು ಬೇರೆ ಬೇರೆ ಕೈಯಲ್ಲಿರುತ್ತವೆ. ಎಲ್ಲವನ್ನೂ ಮನೆಯಲ್ಲೇ ಮಾಡುವ ನನ್ನಂಥವನ ಹತ್ತಿರ ಎರಡೂ ಇರುತ್ತವೆ. ಸಣ್ಣವರಿಗೆ ಇರುವ ದೊಡ್ಡ ಅನುಕೂಲ ಇದು. ಒಂದೇ ಮೇಲ್, ಒಂದೇ ಸಹಿ, ಕೆಲಸ ಮುಗಿಯಿತು. ಆದರೆ ಅದು ನಿಜವಾಗಿಯೂ ಒಬ್ಬನ ಕೈಯಲ್ಲಿ ಇದ್ದರೆ ಮಾತ್ರ.

ಮೊದಲ ವರ್ಷ ಮ್ಯೂಸಿಕ್ ಲೈಬ್ರರಿಗಳಿಗೆ, ಅಂದರೆ ಫಿಲ್ಮಿನವರಿಗೆ ಸಂಗೀತವನ್ನು ಲೈಸೆನ್ಸಿಗೆ ಕೊಡುವ ಸಂಸ್ಥೆಗಳಿಗೆ ಕಳಿಸಿದ್ದು ಯಾವುದನ್ನೂ ತಗೊಳ್ಳಲಿಲ್ಲ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ಮಾತ್ರ ಎರಡು ಸಾಲು ಬರೆದರು. ಸಂಗೀತ ಚೆನ್ನಾಗಿದೆ, ಆದರೆ ಇದರ ಮೇಲೆ ಯಾರೂ ಮಾತಾಡಲು ಆಗುವುದಿಲ್ಲ ಅಂತ. ಕೇಳಿ ನೋಡಿದೆ. ನಿಜ. ನಾನು ಹಾಡಿಗೆ ಪೀಠಿಕೆ ಹಾಕಿ ಅಭ್ಯಾಸ ಆದವನು. ಅರ್ಧ ನಿಮಿಷ ಆಲಾಪ, ಆಮೇಲೆ ಕೊಳಲು, ಕೊನೆಗೆ ಮೆಲ್ಲ ಮೆಲ್ಲ ಕರಗಿಸುವುದು. ಎಡಿಟರಿಗೆ ಬೇಕಾದ್ದು ಬೇರೆ. ಮೂರನೇ ಸೆಕೆಂಡಿನಲ್ಲಿ ಭಾವ ಹಿಡಿಯಬೇಕು. ಮಾತಿಗೆ ಜಾಗ ಬಿಡಬೇಕು. ಕತ್ತರಿಸಲು ಅಲ್ಲಲ್ಲಿ ಸಂದು ಬೇಕು. ಕೊನೆ ಖಡಕ್ಕಾಗಿ ಮುಗಿಯಬೇಕು. ಮಾವ ಬಾರಿಸಿದ ಟ್ರ್ಯಾಕನ್ನು ಮೊದಲು ಝಂಪೆ ತಾಳದಲ್ಲಿ ಮಾಡಿದ್ದೆ. ಹತ್ತು ಅಕ್ಷರ. ಕೇಳಲು ಚಂದ, ಕತ್ತರಿಸಲು ಕಷ್ಟ. ನಾಲ್ಕರ ಲೆಕ್ಕದ ಏಕತಾಳಕ್ಕೆ ಬದಲಿಸಿ ಇನ್ನೊಂದು ರೂಪ ಮಾಡಿದೆ. ಮುಂಬೈಯವರು ಕೇಳಿದ್ದು ಅದನ್ನೇ. ಝಂಪೆಯದ್ದು ಇವತ್ತಿಗೂ ಹಾಗೇ ಬಿದ್ದಿದೆ. ಅದರ ಬಗ್ಗೆ ನನಗೆ ಬೇಜಾರಿದೆ, ಇರಲಿ.

ಮಾವನ ಜಗಲಿಯಲ್ಲಿ

ಮರುದಿನ ಬೆಳಿಗ್ಗೆ ನೀರ್ಚಾಲಿನ ಕಡೆಯ ಮಾವನ ಮನೆಗೆ ಹೋದೆ. ಕಾನೂನು ನನಗೆ ಹಿಂದಿನ ರಾತ್ರಿ ಓದಿದಷ್ಟೇ ಗೊತ್ತಿತ್ತು. 1957ರ ಕಾಪಿರೈಟ್ ಕಾಯ್ದೆಯಲ್ಲಿ ನುಡಿಸಿದವರಿಗೆ, ಹಾಡಿದವರಿಗೆ ಪ್ರತ್ಯೇಕ ಹಕ್ಕಿದೆ, ಪ್ರದರ್ಶಕರ ಹಕ್ಕು ಅಂತ. 50 ವರ್ಷ ನಡೆಯುತ್ತದೆ. 2012ರ ತಿದ್ದುಪಡಿಯಲ್ಲಿ ಅದು ಇನ್ನೂ ಗಟ್ಟಿಯಾಯಿತು. ಅಂದರೆ ನನ್ನ ಕೋಣೆ, ನನ್ನ ಮೈಕ್, ನನ್ನ ಟ್ಯೂನ್ ಆದರೂ ಆ ಪೆಟ್ಟುಗಳಲ್ಲಿ ಮಾವನ ಪಾಲಿದೆ. 2,000 ರೂಪಾಯಿ ಕೊಟ್ಟ ಮಾತ್ರಕ್ಕೆ ಅದು ನನ್ನದಾಗುವುದಿಲ್ಲ. ಹಕ್ಕು ಕೈ ಬದಲಾಗಬೇಕಾದರೆ ಬರಹದಲ್ಲಿರಬೇಕು, ಸಹಿ ಬೇಕು.

ಮಾವ ಜಗಲಿಯಲ್ಲಿ ಕೂತು ಚೆಂಡೆಯ ಹಗ್ಗ ಬಿಗಿ ಮಾಡುತ್ತಿದ್ದರು. ಮಳೆಗೆ ಚರ್ಮ ಸಡಿಲ ಆಗುತ್ತದೆ. ವಿಷಯ ಹೇಳಿದೆ.

"ಸಹಿ ಎಂತಕ್ಕೆ? ನಾನು ನಾಳೆ ಬಂದು ಜಗಳ ಮಾಡ್ತೇನೆ ಅಂತ ಉಂಟಾ?"

"ಹಾಗಲ್ಲ ಮಾವ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ. ಅವರಿಗೆ ನನ್ನ ಮೇಲೆ ನಂಬಿಕೆ ಇಲ್ಲ."

ಅವರು ನಕ್ಕರು. ಆದರೆ ಹಗ್ಗ ಬಿಡಲಿಲ್ಲ. "ನೋಡು ಮಾರಾಯ, ಆ ಪೆಟ್ಟು ನನ್ನದಲ್ಲ. ಗುರುಗಳು ಹೇಳಿಕೊಟ್ಟದ್ದು. ಅವರಿಗೆ ಅವರ ಗುರುಗಳು. ಅದನ್ನು ನಾನು ಬರೆದು ಕೊಡುದು ಹೇಗೆ?"

ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ. ನಮ್ಮ ಕಡೆ ಕೆಲಸ ಮಾಡುವ ಯಾವ ಸಂಗೀತಗಾರನಿಗೂ ಇದು ಎದುರಾಗುತ್ತದೆ. ನಾನು ಹೀಗೆ ಹೇಳಿದೆ. ಕುಂಬಳೆಯ ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳಿಗೆ ಇವತ್ತು ಯಾರ ಅನುಮತಿಯೂ ಬೇಡ. ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದ್ದು. ಆದರೆ ಅದೇ ಪದವನ್ನು ಮೊನ್ನೆ ಒಬ್ಬ ಭಾಗವತರು ಹಾಡಿದ್ದರೆ ಆ ಹಾಡಿಕೆ ಅವರದ್ದು. ಗುರುಗಳ ಪೆಟ್ಟನ್ನು ಯಾರೂ ಕೊಳ್ಳುತ್ತಿಲ್ಲ. ಅದನ್ನು ನಾಳೆ ನಿಮ್ಮ ಶಿಷ್ಯ ಎಲ್ಲಿ ಬೇಕಾದರೂ ಬಾರಿಸಬಹುದು. ಕಾಗದದಲ್ಲಿ ಬರುವುದು ಆ ದಿನ ಮಾಳಿಗೆಯಲ್ಲಿ ನಿಮ್ಮ ಕೈಯಿಂದ ಬಂದ ಆ ಎರಡು ಗಂಟೆಯ ಶಬ್ದ ಮಾತ್ರ.

ಹೀಗೆ ವಿವರಿಸುವಾಗ ನನಗೇ ಒಂದು ಚಳಿ ಹುಟ್ಟಿತು. ನನ್ನ ಇನ್ನೊಂದು ಟ್ರ್ಯಾಕಿನಲ್ಲಿ, ಆಟದ ರಾತ್ರಿ ಮೊಬೈಲಿನಲ್ಲಿ ಹಿಡಿದ ಒಬ್ಬ ಭಾಗವತರ ನಾಲ್ಕು ಸೆಕೆಂಡಿನ ಆಲಾಪ ಇತ್ತು. ಪ್ರತಿಧ್ವನಿ ಹಾಕಿ, ಕೆಳಗಿಳಿಸಿ, ಯಾರಿಗೂ ಗೊತ್ತಾಗದ ಹಾಗೆ ಸೇರಿಸಿದ್ದೆ. ಮನೆಗೆ ಬಂದ ಕೂಡಲೇ ಅದನ್ನು ಎಲ್ಲ ಕಡೆಯಿಂದ ತೆಗೆಸಿದೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಅವರು ಎಷ್ಟು ಕೊಡ್ತಾರೆ?"

ನಾನು ಒಂದು ಕ್ಷಣ ತಡೆದೆ. ಮುಚ್ಚಿಡುವುದಿಲ್ಲ, ಕಡಿಮೆ ಹೇಳುವ ಯೋಚನೆ ಬಂದಿತ್ತು. 30,000 ಅಂದೆ. ಅದರಲ್ಲಿ ಕಾಲು ಭಾಗ ನಿಮ್ಮದು, ಮುಂದೆ ಈ ಟ್ರ್ಯಾಕ್ ಎಲ್ಲಿ ಹೋದರೂ ಅದೇ ಲೆಕ್ಕ ಅಂದೆ. ಕಾಲು ಭಾಗ ಅನ್ನುವುದಕ್ಕೆ ಯಾವ ನಿಯಮವೂ ಇಲ್ಲ. ಒಂದೇ ಮೊತ್ತ ಕೊಟ್ಟು ಮುಗಿಸುವವರೇ ಜಾಸ್ತಿ. ಆದರೆ ಈ ಟ್ರ್ಯಾಕಿನಿಂದ ಚೆಂಡೆ ತೆಗೆದರೆ ಉಳಿಯುವುದು ಒಂದು ಶ್ರುತಿ ಮತ್ತು ನನ್ನ ಎರಡು ಬೆರಳಿನ ಪಿಯಾನೋ.

ಅವರು ಒಪ್ಪಿದರು. ಒಂದು ಷರತ್ತಿನ ಮೇಲೆ.

"ನೀನು ಅದಕ್ಕೆ ಕೇರಳ ಚೆಂಡ ಅಂತ ಹೆಸರು ಹಾಕಿದ್ದಿ ಅಂತೆ. ಮಗಳು ಮೊಬೈಲಿನಲ್ಲಿ ತೋರಿಸಿದಳು. ಅದನ್ನು ತೆಗಿ."

ಸಿಕ್ಕಿಬಿದ್ದೆ. ಲೈಬ್ರರಿಗೆ ಟ್ರ್ಯಾಕ್ ಏರಿಸುವಾಗ ಹುಡುಕುವ ಪದಗಳನ್ನು ಹಾಕಬೇಕು. ವಾದ್ಯ, ಭಾವ, ವೇಗ, ಊರು. ಯಕ್ಷಗಾನ ಚೆಂಡೆ ಅಂತ ಹುಡುಕುವ ಎಡಿಟರ್ ಮುಂಬೈಯಲ್ಲಿ ಯಾರಿದ್ದಾರೆ? ಕೇರಳದ ಚೆಂಡ ಅಂದರೆ ಜಗತ್ತಿಗೇ ಗೊತ್ತು. ನಾವಿರುವುದೂ ಕೇರಳದಲ್ಲೇ. ಮೇಲಾಗಿ ನಮ್ಮ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ ಯಕ್ಷಗಾನದ ಚೆಂಡೆ ನೋಡಲು ಅವರ ಚೆಂಡದ ಹಾಗೆಯೇ ಇರುತ್ತದೆ, ಉತ್ತರದ ಬಡಗುತಿಟ್ಟಿನದ್ದರಷ್ಟು ಸಣ್ಣದಲ್ಲ. ಹಾಗಾಗಿ ಹಾಕಿಬಿಟ್ಟಿದ್ದೆ. ಕಾಸರಗೋಡಿನಲ್ಲಿ ಹುಟ್ಟಿ ಶಾಲೆಯಿಂದ ರೇಷನ್ ಕಾರ್ಡಿನವರೆಗೆ ಭಾಷೆಗಾಗಿ ಅರ್ಜಿ ಬರೆದ ಮನೆಯವನು, ಹತ್ತು ಕ್ಲಿಕ್ಕಿಗಾಗಿ ಚೆಂಡೆಯ ಎ ಕಾರವನ್ನು ಬಿಟ್ಟುಕೊಟ್ಟಿದ್ದೆ.

ಕಾಗದ ಬರೆಯಲು ಕೂತಾಗ ಇನ್ನೊಂದು ಗಂಟು. ಪೇಟೆಯಲ್ಲಿ ದಸ್ತಾವೇಜು ಬರೆಯುವವರ ಹತ್ತಿರ ಹೋದರೆ ಮಲಯಾಳದಲ್ಲಿ ಬರೆಯುತ್ತಾರೆ. ಮುಂಬೈಯವರು ಕಳಿಸಿದ ನಮೂನೆ ಇಂಗ್ಲಿಷಿನಲ್ಲಿ, ನಾಲ್ಕು ಪುಟ. ಮಾವನಿಗೆ ಎರಡೂ ಓದಲು ಬರುವುದಿಲ್ಲ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿದರೆ ಅದು ನಾಳೆ ನಿಲ್ಲುವುದೂ ಇಲ್ಲ, ಸರಿಯೂ ಅಲ್ಲ. ಹಾಗಾಗಿ ಅಲ್ಲೇ ಜಗಲಿಯಲ್ಲಿ ಒಂದು ಪುಟ ಕನ್ನಡದಲ್ಲಿ ಬರೆದೆ. ಯಾವ ದಿನ, ಎಲ್ಲಿ, ಯಾವ ಟ್ರ್ಯಾಕ್, ಏನು ನುಡಿಸಿದ್ದು, ಯಾವುದಕ್ಕೆಲ್ಲ ಬಳಸಬಹುದು, ಎಲ್ಲೆಲ್ಲಿ, ಎಷ್ಟು ವರ್ಷಕ್ಕೆ, ಎಷ್ಟು ಪಾಲು, ಹೆಸರು ಹೇಗೆ ಹಾಕಬೇಕು. ಕೊನೆಯದ್ದರಲ್ಲಿ 'ಯಕ್ಷಗಾನ ಚೆಂಡೆ' ಅಂತ ಮಾವನೇ ಬೆರಳಿಟ್ಟು ತೋರಿಸಿ ಬರೆಸಿದರು. ಕೆಳಗೆ ಅದರ ಇಂಗ್ಲಿಷ್ ಅನುವಾದ. ಅತ್ತೆ ಮತ್ತು ಪಕ್ಕದ ಮನೆಯವರು ಸಾಕ್ಷಿ. ಫೋಟೋ ತೆಗೆದು ಕಳಿಸಿದೆ. ಮುಂಬೈಯವರು ಅದನ್ನೇ ಒಪ್ಪಿದರು.

ಅವಧಿ ಮತ್ತು ಜಾಗ ಯಾಕೆ ಬರೆಯಬೇಕು ಅಂದರೆ, ಕಾಯ್ದೆಯ 19ನೇ ಕಲಮಿನ ಪ್ರಕಾರ ಎಷ್ಟು ವರ್ಷಕ್ಕೆ ಅಂತ ಹೇಳದಿದ್ದರೆ 5 ವರ್ಷ ಅಂತ ಅರ್ಥ, ಎಲ್ಲಿಗೆ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. ಇದು ಗೊತ್ತಾದ ಮೇಲೆ ನನ್ನ ಹಳೆಯ ಭಕ್ತಿಗೀತೆಗಳ ಕಾಗದಗಳನ್ನು ಹುಡುಕಿ ತೆಗೆದೆ. ಹೆಚ್ಚಿನವುಗಳಲ್ಲಿ ಶಾಶ್ವತವಾಗಿ ಅಂತ ಇತ್ತು. ಒಂದರಲ್ಲಿ ಅವಧಿಯೇ ಇಲ್ಲ. ಆ ಎಂಟು ಹಾಡುಗಳ ವಿಷಯವನ್ನು ಈಗ ವಕೀಲರಿಗೆ ತೋರಿಸಿದ್ದೇನೆ.

ಫಿಲ್ಮ್ ಬಂದ ಮೇಲೆ

ಕೆಲಸ ಆಯಿತು ಅಂದುಕೊಂಡಿದ್ದೆ. ಎರಡು ತಿಂಗಳ ನಂತರ ಒಂದು ರಾತ್ರಿ ಒಂಬತ್ತಕ್ಕೆ ಮುಂಬೈಯಿಂದ ಫೋನ್. ಅವರ ಟ್ರೈಲರ್ ಯೂಟ್ಯೂಬಿಗೆ ಹಾಕಿದ ಗಂಟೆಯೊಳಗೆ ಕಾಪಿರೈಟ್ ಕ್ಲೈಮ್ ಬಂದಿದೆ. ಹಾಕಿದವರು ಯಾರು ಅಂತ ನೋಡಿದರೆ ನಾನೇ!

ಆದದ್ದು ಹೀಗೆ. ಅದೇ ಟ್ರ್ಯಾಕನ್ನು ನಾನು ಒಂದು ಡಿಸ್ಟ್ರಿಬ್ಯೂಟರ್ ಮೂಲಕ ಎಲ್ಲ ಸ್ಟ್ರೀಮಿಂಗ್ ಆ್ಯಪುಗಳಿಗೆ ಬಿಟ್ಟಿದ್ದೆ. ಫಾರಂ ತುಂಬುವಾಗ 'ನಿಮ್ಮ ಸಂಗೀತವನ್ನು ಕಂಟೆಂಟ್ ಐಡಿಯಲ್ಲಿ ರಕ್ಷಿಸಬೇಕೇ' ಅಂತ ಒಂದು ಚೌಕ ಇತ್ತು. ರಕ್ಷಣೆ ಅಂದರೆ ಒಳ್ಳೆಯದೇ ಅಲ್ವಾ, ಟಿಕ್ ಹಾಕಿದ್ದೆ. ಕಂಟೆಂಟ್ ಐಡಿ ಅಂದರೆ ವೀಡಿಯೋಗಳಲ್ಲಿ ಯಾರ ಸಂಗೀತ ಇದೆ ಅಂತ ತಾನಾಗಿಯೇ ಪತ್ತೆ ಮಾಡುವ ಯೂಟ್ಯೂಬಿನ ವ್ಯವಸ್ಥೆ. ಅದಕ್ಕೆ ಲೈಸೆನ್ಸ್ ಗೊತ್ತಿಲ್ಲ. ಆ ಶಬ್ದ ಎಲ್ಲಿ ಸಿಕ್ಕಿದರೂ ಹಿಡಿಯುತ್ತದೆ, ಕಳ್ಳನನ್ನೂ ಹಿಡಿಯುತ್ತದೆ, ಹಣ ಕೊಟ್ಟವರನ್ನೂ ಹಿಡಿಯುತ್ತದೆ. ಕ್ಲೈಮ್ ತೆಗೆಸಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಅವರ ಟ್ರೈಲರಿನ ಜಾಹೀರಾತು ಹಣ ನನ್ನ ಖಾತೆಗೆ ಹೋಗುವ ಸ್ಥಿತಿ. ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಆದರೆ ಆಮೇಲೆ ಅವರಿಂದ ಇನ್ನೊಂದು ಕೆಲಸ ಬಂದಿಲ್ಲ. ಈ ಪ್ರಕರಣದಲ್ಲಿ ನನಗಾದ ನಿಜವಾದ ನಷ್ಟ ಅದೇ, ಮತ್ತು ಅದಕ್ಕೆ ಬೇರೆ ಯಾರೂ ಕಾರಣರಲ್ಲ.

ಈಗ ಲೈಸೆನ್ಸಿಗೆ ಕೊಡುವ ಟ್ರ್ಯಾಕುಗಳಿಗೆ ಆ ಚೌಕದಲ್ಲಿ ಟಿಕ್ ಇಲ್ಲ. ಅದೇ ರೀತಿ ಸಾಫ್ಟ್‌ವೇರಿನ ಜೊತೆ ಬರುವ ರೆಡಿಮೇಡ್ ಲೂಪುಗಳನ್ನು ಮುಖ್ಯ ಜಾಗದಲ್ಲಿ ಬಳಸುವುದಿಲ್ಲ. ಅದೇ ಲೂಪನ್ನು ಇನ್ನು ಸಾವಿರ ಜನ ಬಳಸಿರುತ್ತಾರೆ, ಅವರಲ್ಲಿ ಯಾರಾದರೂ ಕಂಟೆಂಟ್ ಐಡಿಗೆ ಹಾಕಿದರೆ ಗಲಾಟೆ ನನ್ನ ಗಿರಾಕಿಯ ಮನೆ ಬಾಗಿಲಿಗೆ ಬರುತ್ತದೆ.

ಹಣದ ಲೆಕ್ಕ. 30,000ದಲ್ಲಿ 10% ಟಿಡಿಎಸ್ ಹಿಡಿದು 27,000 ಬಂತು, ಬಿಲ್ ಕಳಿಸಿ ಎರಡು ತಿಂಗಳಿಗೆ. ಮಾವನಿಗೆ 7,500 ಪೂರ್ತಿ ಕೊಟ್ಟೆ, ಟಿಡಿಎಸ್ ನಾನು ರಿಟರ್ನ್ಸಿನಲ್ಲಿ ವಾಪಸ್ ಪಡೆದುಕೊಳ್ಳಬಹುದು ಅಂತ. ಐಪಿಆರ್‌ಎಸ್‌ಗೂ ಸೇರಿದೆ. 1969ರಿಂದ ಮುಂಬೈಯಲ್ಲಿರುವ ಸಂಸ್ಥೆ, ಸಂಗೀತ ಮಾಡಿದವರ ಮತ್ತು ಸಾಹಿತ್ಯ ಬರೆದವರ ಪರವಾಗಿ ರಾಯಲ್ಟಿ ವಸೂಲು ಮಾಡುತ್ತದೆ. ಸಿನಿಮಾಕ್ಕೋ ರೆಕಾರ್ಡಿಂಗಿಗೋ ಹಕ್ಕು ಬರೆದುಕೊಟ್ಟರೂ ರಾಯಲ್ಟಿಯ ಸಮಪಾಲನ್ನು ಸಂಗೀತಗಾರ ಬಿಟ್ಟುಕೊಡುವಂತಿಲ್ಲ ಅಂತ 2012ರ ತಿದ್ದುಪಡಿ ಹೇಳುತ್ತದೆ. ಆದರೆ ನೀವು ಸದಸ್ಯರೇ ಅಲ್ಲದಿದ್ದರೆ, ಕೃತಿ ನೋಂದಾಯಿಸದಿದ್ದರೆ, ಆ ಹಣ ದಾರಿ ಹುಡುಕಿಕೊಂಡು ಪೆರ್ಲಕ್ಕೆ ಬರುವುದಿಲ್ಲ. ಜೊತೆಗೆ ಫಿಲ್ಮಿನವರು ಕ್ಯೂ ಶೀಟ್ ತುಂಬಬೇಕು. ಯಾವ ಸಂಗೀತ, ಎಷ್ಟು ಸೆಕೆಂಡ್, ಯಾರದ್ದು ಅನ್ನುವ ಪಟ್ಟಿ ಅದು. ನಾನು ತುಂಬಿಯೇ ಕಳಿಸಿದೆ, ಅವರು ಸಹಿ ಹಾಕಿದರೆ ಸಾಕು ಅನ್ನುವ ಹಾಗೆ. ಈವರೆಗೆ ಆ ಬಾಬ್ತು ಬಂದದ್ದು ಚಹಾ ಖರ್ಚಿಗೆ.

ಅಮೆರಿಕದ ಒಂದು ಲೈಬ್ರರಿಗೂ ಈಗ ಟ್ರ್ಯಾಕುಗಳನ್ನು ಕೊಟ್ಟಿದ್ದೇನೆ. ಕಾಯಮ್ಮಾಗಿ, ಎಕ್ಸ್‌ಕ್ಲೂಸಿವ್. ಅಂಥದ್ದಕ್ಕೆ ಸಹಿ ಹಾಕಲೇಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಿಯಾನೋ ಮತ್ತು ಸಿಂಥ್‌ನ ನಾಲ್ಕು ಟ್ರ್ಯಾಕುಗಳು, ಅಂಥದ್ದನ್ನು ನಾನು ವಾರಕ್ಕೆ ಒಂದು ಮಾಡಬಲ್ಲೆ. ಅದನ್ನು ಮೂಲಗೇಣಿಗೆ ಕೊಟ್ಟೆ. ಚೆಂಡೆ, ಮದ್ದಳೆ ಇರುವುದನ್ನು ಯಾರಿಗೂ ಹಾಗೆ ಕೊಡುವುದಿಲ್ಲ, ಕೊಡುವ ಹಕ್ಕು ನನ್ನೊಬ್ಬನದ್ದೂ ಅಲ್ಲ. ಅವರ ತೆರಿಗೆ ಫಾರಂ ಡಬ್ಲ್ಯೂ 8 ಬೆನ್ ಮಾತ್ರ ಮರೆಯದೆ ತುಂಬಿ. ತುಂಬಿದರೆ ಎರಡು ದೇಶಗಳ ಒಪ್ಪಂದದಂತೆ ರಾಯಲ್ಟಿಯಲ್ಲಿ 15% ಹಿಡಿಯುತ್ತಾರೆ, ಇಲ್ಲದಿದ್ದರೆ 30%.

ಮುಕ್ತಾಯ

ಫಿಲ್ಮ್ ಬಿಡುಗಡೆ ಆದ ಮೇಲೆ ಮಾವನಿಗೆ ತೋರಿಸಲು ಹೋದೆ. ಮೇಳ ಹೊರಡುವ ಮೊದಲಿನ ವಾರ. ಕೊನೆಯ ಹೆಸರುಗಳ ಪಟ್ಟಿಯಲ್ಲಿ 'ಯಕ್ಷಗಾನ ಚೆಂಡೆ' ಅಂತ ಸರಿಯಾಗಿ ಬಂದಿತ್ತು. ಅದನ್ನು ನೋಡಿ ತಲೆ ಅಲ್ಲಾಡಿಸಿದರು ಅಷ್ಟೆ. 42 ಸೆಕೆಂಡನ್ನು ಮಾತ್ರ ಮೂರು ಸಲ ಹಾಕಿಸಿದರು. ದೋಣಿ ಅಲೆ ಹತ್ತುತ್ತದೆ, ಚೆಂಡೆ ಏರುತ್ತದೆ, ದೋಣಿ ಇಳಿಯುವಾಗ ಶಬ್ದ ಪಕ್ಕನೆ ನಿಂತು ಗಾಳಿ ಮಾತ್ರ ಕೇಳುತ್ತದೆ. ನನಗೆ ಆ ಜಾಗ ಬಹಳ ಇಷ್ಟ.

"ಮುಕ್ತಾಯ ಎಲ್ಲಿ?" ಅಂದರು ಮಾವ.

"ಕತ್ತರಿಸಿದ್ದಾರೆ ಮಾವ. ಅವರಿಗೆ ಅಷ್ಟೇ ಜಾಗ ಇದ್ದದ್ದು."

"ಮುಕ್ತಾಯ ಇಲ್ಲದೆ ಬಿಡುದುಂಟಾ ಯಾರಾದ್ರೂ?"

ಎರಡು ದಿನ ಬಿಟ್ಟು, ನಾನು ಕರೆಯದೆಯೇ, ಚೆಂಡೆ ಹೆಗಲಿಗೆ ಹಾಕಿಕೊಂಡು ನಮ್ಮ ಮಾಳಿಗೆ ಹತ್ತಿದರು. ಅದೇ ವೇಗದಲ್ಲಿ ಮೂರು ಮುಕ್ತಾಯ ಬಾರಿಸಿದರು. ಒಂದು ಉದ್ದದ್ದು, ಒಂದು ನಡುವಿನದ್ದು, ಒಂದು ಬರೇ ಎರಡು ಸೆಕೆಂಡಿನದ್ದು. ಈಗ ಆ ಟ್ರ್ಯಾಕಿನ ಫೋಲ್ಡರಿನಲ್ಲಿ 60, 30 ಮತ್ತು 15 ಸೆಕೆಂಡಿನ ಮೂರು ರೂಪಗಳಿವೆ, ಮೂರಕ್ಕೂ ಅದರದ್ದೇ ಮುಕ್ತಾಯ ಇದೆ. ಆ ದಿನದ್ದಕ್ಕೆ ಬೇರೆ ಕಾಗದ ಬರೆದೆವು.